ಮೊದಲು ಯಾವ ಕೇರಿ?

ನಮ್ಮ ಊರಿನಲ್ಲಿ ಚುನಾವಣೆಯ ತಿಂಗಳು ಬಂತೆಂದರೆ ಯಾರೂ ಯಾರಿಗೂ ಮಾತು ಕೊಡುವುದಿಲ್ಲ. ಮದುವೆಗೆ ಕರೆದರೆ "ನೋಡೋಣ, ಬರ್ತೀವಿ" ಅನ್ನುತ್ತಾರೆ. ದರ್ಜಿ "ಗುರುವಾರ ಬನ್ನಿ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಗುರುವಾರ ಬಟ್ಟೆ ಆಗಿರುವುದಿಲ್ಲ, ಆದರೆ ಅದು ಉಳಿದ ತಿಂಗಳುಗಳಲ್ಲೂ ಹಾಗೆಯೇ. ಮಾತು ಕೊಡುವುದು ಎಂದರೆ ಇಲ್ಲಿ ಕೊಟ್ಟೇಬಿಡುವುದು. ಅಧ್ಯಕ್ಷ ಸ್ಥಾನಕ್ಕೆ ನಿಂತು ಬಿದ್ದವನು, ದೀಪ ಹಚ್ಚುವುದರೊಳಗೆ, ಇನ್ನೂ ಕಣದಲ್ಲಿ ಉಳಿದಿರುವ ಒಬ್ಬರ ಮುಂದೆ ಹೋಗಿ ನಿಂತು "ಮಾತು ಕೊಟ್ಟೆ" ಎನ್ನುತ್ತಾನೆ. ಅಲ್ಲಿಗೆ ಅವನ ದನಿ ಎದುರಿನವರ ಗಂಟಲು ಸೇರುತ್ತದೆ. ಐದು ವರ್ಷ ಅವನು ಸ್ಲೇಟು ಬಳಪ ಹಿಡಿದು ಓಡಾಡುತ್ತಾನೆ. ಹಟ ಮಾಡಿ ಯಾರಿಗೂ ಕೊಡದೆ ಕೂತರೂ ದೀಪ ಹಚ್ಚಿದ ಮೇಲೆ ದನಿ ಹೋಗುವುದು ಹೋಗಿಯೇ ಹೋಗುತ್ತದೆ. ಎಲ್ಲಿಗೆ ಅಂತ ಗೊತ್ತಿಲ್ಲ, ಅಷ್ಟೇ.

ನನ್ನ ಉದ್ಯೋಗ ಕಿವಿಗುಮಾಸ್ತಿಕೆ. ಯಾರ ಗಂಟಲಲ್ಲಿ ಯಾರ್ಯಾರ ದನಿ ಸೇರಿದೆ ಎಂದು ಕೇಳಿ, ದಫ್ತರಕ್ಕೆ ಬರೆಸುವುದು. ಮೂವತ್ತೆಂಟನೇ ವಯಸ್ಸಿಗೆ ನನಗೆ ಅಕ್ಷರಗಳು ಮಸುಕಾದವು, ನಲವತ್ತಕ್ಕೆ ಪುಟವೇ ಮಸುಕಾಯಿತು. ಕಿವಿ ಮಾತ್ರ ಇನ್ನೂ ಪಕ್ಕದ ಮನೆಯ ಸಾರಿಗೆ ಒಗ್ಗರಣೆ ಬಿದ್ದದ್ದನ್ನು ಹೇಳುತ್ತದೆ. ನಾನು ಓದಿದವನು ಎಂದು ಊರಿನಲ್ಲಿ ಹೆಸರಿದೆ. ನಿಜ ಹೇಳಬೇಕೆಂದರೆ ಕಳೆದ ಹದಿನಾಲ್ಕು ವರ್ಷ ಓದಿದವಳು ನನ್ನ ಹೆಂಡತಿ ಮಂದಾಕಿನಿ. ಸಂಜೆ ನಾನು ಬೆತ್ತದ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುವುದು, ಅವಳು ಒಳಗಿನಿಂದ ಬಂದು "ಎಲ್ಲಿಗೆ ನಿಲ್ಸಿದ್ವಿ ರೀ?" ಅನ್ನುವುದು, ನಾನು ಪುಟ ಹೇಳುವುದು. ನಮ್ಮ ದಾಂಪತ್ಯದಲ್ಲಿ ಜಗಳವಾಡದೆ ಮುಗಿಯುತ್ತಿದ್ದ ಸಂಭಾಷಣೆ ಅದೊಂದೇ.

ಆ ವರ್ಷ ಹನ್ನೊಂದು ಜನ ನಿಂತರು. ಹನ್ನೊಂದನೆಯವಳು ಮಂದಾಕಿನಿ.

ನನಗೆ ತಿಳಿದದ್ದು ನಾಮಪತ್ರ ಕೊಟ್ಟು ಬಂದ ಮೇಲೆ. ಆಗ ನಾವು ಒಬ್ಬ ವಕೀಲನ ಮನೆತನದ ಮೂರು ತಲೆಮಾರಿನ ದಪ್ಪ ಕಾದಂಬರಿಯ ನಡುವೆ ಇದ್ದೆವು. "ಪುಸ್ತಕ ಮುಗಿಸಿಯಾದರೂ ನಿಲ್ಲಬಹುದಿತ್ತು" ಎಂದೆ.

"ಮುಗಿಯೋಕೆ ಇನ್ನೂ ನಾನೂರು ಪುಟ ಇದೆ ರೀ. ಅಷ್ಟರೊಳಗೆ ನಮ್ಮ ಕೇರಿ ಬಾವಿ ಬತ್ತಿರುತ್ತೆ."

ಅವಳ ಸಿಟ್ಟಿಗೆ ಕಾರಣವಿತ್ತು. ನಮ್ಮ ಊರಿನಲ್ಲಿ ಏಳು ಕೇರಿ. ಎಲ್ಲರೂ ಒಂದೇ ದಿನ ಮತ ಹಾಕುವುದಿಲ್ಲ, ಸರದಿಯ ಮೇಲೆ ಹಾಕುತ್ತಾರೆ. ಮೊದಲ ಭಾನುವಾರ ಹುಣಸೆಕೇರಿ, ಎರಡನೆಯದು ಬಾವಿಕೇರಿ, ಮೂರನೇ ಭಾನುವಾರ ಒಂದೇ ಏಟಿಗೆ ಮೂರು ಕೇರಿ, ಆಮೇಲೆ ಗಡಿಯಾರಕೇರಿ, ಎಲ್ಲಕ್ಕೂ ಕೊನೆಗೆ ನಮ್ಮ ಹಿಂದಿನಕೇರಿ. ಮತ ಎಂದರೆ ಒಂದು ಹುಣಸೆ ಬೀಜ. ಪರದೆಯ ಹಿಂದೆ ಸಾಲಾಗಿ ಇಟ್ಟ ಮಡಕೆಗಳಲ್ಲಿ ಬೇಕಾದವರ ಮಡಕೆಗೆ ಹಾಕಬೇಕು. ಯಾವ ಕೇರಿಯಲ್ಲಾದರೂ ಸಂಜೆ ಮಡಕೆ ಬಗ್ಗಿಸಿದಾಗ ಬೀಜಗಳ ನಡುವೆ ತಳ ಕಂಡರೆ ಆ ಅಭ್ಯರ್ಥಿ ಅಲ್ಲಿಗೆ ಬಿದ್ದ. "ಅವನ ತಳ ಕಂಡಿತು" ಎನ್ನುತ್ತಾರೆ. ಕೊನೆಯವರೆಗೆ ಉಳಿದವರಲ್ಲಿ ಏಳೂ ಕೇರಿಯ ಬೀಜ ಯಾರಿಗೆ ಹೆಚ್ಚೋ ಅವರು ಅಧ್ಯಕ್ಷರು.

ಹೀಗಾಗಿ ನಲವತ್ತೊಂದು ಮನೆಯ ಹುಣಸೆಕೇರಿಗೆ ಒಂಬತ್ತು ನಲ್ಲಿ, ಎರಡು ವಾಚನಾಲಯ, ಯಾರೂ ಬಾರಿಸದ ಬ್ಯಾಂಡಿಗೊಂದು ಮಂಟಪ. ಚುನಾವಣೆ ಬಂದರೆ ನಿಂತವರೆಲ್ಲ ಅಲ್ಲಿ ಮನೆ ಮನೆಗೆ ಹೋಗಿ ಕೂಸುಗಳ ಮೂಗು ಒರೆಸುತ್ತಾರೆ. ಅಲ್ಲಿನ ಮುದುಕರು ಇಬ್ಬರ ಮನೆಯ ಉಪ್ಪಿಟ್ಟು ತಿಂದು, ಮೂರನೆಯವನ ಉಪ್ಪಿಟ್ಟಿನಲ್ಲಿ ಗೋಡಂಬಿ ಇದೆಯೇ ಎಂದು ವಿಚಾರಿಸಿ, ಆಮೇಲೆ ದೇಶೋದ್ಧಾರದ ಪ್ರಶ್ನೆ ಎತ್ತುತ್ತಾರೆ. ಇನ್ನೂರ ಎಂಬತ್ತು ಬೀಜದ ಹಿಂದಿನಕೇರಿಗೆ ಸರದಿ ಬರುವ ಹೊತ್ತಿಗೆ ಒಬ್ಬನೇ ಉಳಿದಿರುತ್ತಾನೆ. ಅರವತ್ತು ವರ್ಷದಿಂದ ನಮ್ಮಲ್ಲಿ ಪರದೆಯ ಹಿಂದೆ ಇರುವುದು ಒಂದೇ ಮಡಕೆ. ಜನ ಬರುತ್ತಾರೆ, ಬಾಗಿಲ ಪಕ್ಕದ ಮಡಕೆಗೆ ಬೀಜ ಹಾಕುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಲ್ಲಿಯ ಪೈಪು ಗಡಿಯಾರಕೇರಿಯವರೆಗೆ ಬಂದು ನಿಂತಿದೆ.

ಸರದಿ ತಿರುಗಿಸಲು ದಾರಿ ಒಂದಿತ್ತು. ಹೊಸ ಅಧ್ಯಕ್ಷ ಪೀಠದಲ್ಲಿ ಕೂತ ಕೂಡಲೇ ಗುಮಾಸ್ತ ಶೇಷಗಿರಿ ಕೇಳುತ್ತಾನೆ: "ಮುಂದಿನ ಸಲ, ಮೊದಲು ಯಾವ ಕೇರಿ?" ಅಧ್ಯಕ್ಷನ ಬಾಯಿಂದ ಆಗ ಬಂದದ್ದೇ ಕಾನೂನು. ಎಲ್ಲರೂ "ಹುಣಸೆಕೇರಿ" ಎಂದೇ ಹೇಳುತ್ತ ಬಂದಿದ್ದಾರೆ, ತಮ್ಮನ್ನು ಗೆಲ್ಲಿಸಿದ ಮೆಟ್ಟಿಲನ್ನು ಯಾರು ಕೀಳುತ್ತಾರೆ?

ಮಂದಾಕಿನಿ ಸಭೆಗಳಲ್ಲಿ ಉದ್ದ ಭಾಷಣ ಮಾಡಲಿಲ್ಲ. ಜನರಿಂದಲೇ ಕೇಳಿಸಿದಳು, "ಮೊದಲು ಯಾವ ಕೇರಿ?" ಎಂದು. ತಾನು "ಮೊದಲು ಹಿಂದಿನಕೇರಿ!" ಎಂದಳು. ಬೀದಿಯಲ್ಲಿ, ಬಾವಿಕಟ್ಟೆಯಲ್ಲಿ, ಕೊನೆಗೆ ಮನೆಯಲ್ಲೂ. ಸಂಜೆ ಪುಸ್ತಕ ತೆಗೆಯುವ ಮೊದಲು ನನ್ನಿಂದ ಹತ್ತು ಸಲ ಕೇಳಿಸುತ್ತಿದ್ದಳು.

"ಇಲ್ಲಿ ಯಾರಿದಾರೆ ಕೇಳೋಕೆ? ನಾನು ಒಬ್ಬನೇ. ನನ್ನ ಮತ ನಿನಗೇ" ಎಂದರೆ, "ಸುಮ್ನೆ ಕೇಳ್ರೀ" ಎನ್ನುತ್ತಿದ್ದಳು.

ಕೇಳುತ್ತಿದ್ದೆ. ವಕೀಲನ ಮನೆತನದ ಕಥೆ ದಿನಕ್ಕೆ ಎರಡು ಪುಟಕ್ಕೆ ಇಳಿಯಿತು.

ಹುಣಸೆಕೇರಿಯಲ್ಲಿ ನಾಲ್ಕು ಜನರ ತಳ ಕಂಡಿತು. ಮಂದಾಕಿನಿಯ ಮಡಕೆ ಬಗ್ಗಿಸುವಾಗ ನಾನು ಕಿವಿಗೊಟ್ಟು ಕೂತಿದ್ದೆ. ಬೀಜಗಳು ಜಾರಿದ ಸದ್ದು ತೀರಾ ತೆಳುವಾಗಿತ್ತು. ಶೇಷಗಿರಿ ಬಗ್ಗಿ ನೋಡಿ, ಮತ್ತೆ ನೋಡಿ, "ತಳ ಮುಚ್ಚಿದೆ" ಎಂದ. ಒಂದು ಬೀಜ ಕಡಿಮೆಯಾಗಿದ್ದರೆ ಮುಚ್ಚುತ್ತಿರಲಿಲ್ಲವಂತೆ. ಬಾವಿಕೇರಿಯಲ್ಲಿ ಇನ್ನಿಬ್ಬರು ಹೋದರು. ಅವರಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರು, ನೇರ ನಮ್ಮ ಮನೆಗೆ ಬಂದು ಮಂದಾಕಿನಿಗೆ ಮಾತು ಕೊಟ್ಟು, ಕೈ ಮುಗಿದು, ಮೌನವಾಗಿ ಹೋದ.

ಕೊಟ್ಟ ದನಿ ತನ್ನ ಚಾಳಿ ಬಿಡುವುದಿಲ್ಲ. ಇದು ನನ್ನ ದಫ್ತರದಲ್ಲಿ ನೂರು ಕಡೆ ಬರೆದಿದೆ. ಯಾವ ಮಾತು ಯಾವ ಹೊತ್ತಿಗೆ ಹೇಳಿ ಹೇಳಿ ಸವೆದಿದೆಯೋ, ಆ ಹೊತ್ತು ಬಂದರೆ ಅದು ತಾನಾಗಿ ಹೊರಗೆ ಬೀಳುತ್ತದೆ, ಹೊತ್ತವರ ಅನುಮತಿ ಕೇಳುವುದಿಲ್ಲ. ಮರುದಿನ ನಾನು ಹೊಸ್ತಿಲು ದಾಟುತ್ತಿದ್ದಂತೆ ನನ್ನ ಹೆಂಡತಿಯ ಬಾಯಿಂದ ಗಡಸು ಗಂಡುದನಿ, "ಒಳಗೆ ಹೋಗ್ರೀ, ಬಾಗ್ಲಲ್ಲಿ ನಿಲ್ಬೇಡಿ, ರೈಟ್ ರೈಟ್!"

ನಾನು ಒಳಗೆ ಹೋದೆ. ಮಂದಾಕಿನಿ ನಕ್ಕು ನಕ್ಕು ಸುಸ್ತಾಗಿ ಗೋಡೆಗೆ ಒರಗಿದಳು. ಆಮೇಲೆ ತಟ್ಟನೆ ನಗು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಗ ಅವಳು ಏನು ಯೋಚಿಸಿದಳೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮೂರು ಕೇರಿಯ ಭಾನುವಾರ ದೊಡ್ಡ ಜರಡಿ. ಮೂರೂ ಕಡೆ ಒಂದೇ ದಿನ ಓಡಾಡಲು ಜನ ಬೇಕು, ಗಾಡಿ ಬೇಕು. ನಮ್ಮಲ್ಲಿದ್ದದ್ದು ನೆರೆಮನೆಯ ನೀಲಗಂಗಮ್ಮ ಮತ್ತು ಅವಳ ಬಾಯಿ. ಎಪ್ಪತ್ತು ದಾಟಿದ ಆ ಹೆಂಗಸು ಬೆಳಿಗ್ಗೆಯಿಂದ ಕೋಲೂರಿಕೊಂಡು ಮೂರು ಕೇರಿ ಸುತ್ತಿ, "ನಮ್ಮ ಮಂದಾಕ್ನಿಗೆ ಹಾಕ್ದೆ ಇದ್ರೆ ನಿಮ್ಮನೇಲಿ ಸಾರು ಹಳಸ್ಲಿ!" ಎಂದು ಪ್ರಚಾರ ಮಾಡಿದಳು. ಸಂಜೆಗೆ ಮತ್ತಿಬ್ಬರು ಬಿದ್ದು, ಮೂವರು ಉಳಿದರು: ಸೋಡಾ ಫ್ಯಾಕ್ಟರಿ ಫಾಲಾಕ್ಷಯ್ಯ, ಡ್ರಿಲ್ ಮಾಸ್ತರ್ ಏಕಾಂತಪ್ಪ, ಮಂದಾಕಿನಿ. ನಾಲ್ಕನೇ ಭಾನುವಾರ ಗಡಿಯಾರಕೇರಿಯಲ್ಲಿ ಏಕಾಂತಪ್ಪನ ತಳ ಕಂಡಿತು. ಅವನು ಫಾಲಾಕ್ಷಯ್ಯನ ಮುಂದೆ ಅಟೆನ್ಷನ್‌ನಲ್ಲಿ ನಿಂತು ಮಾತು ಕೊಟ್ಟ. ಅವನ ಹೆಂಡತಿ ಅಕ್ಕಪಕ್ಕದವರಿಗೆ ಮೈಸೂರು ಪಾಕು ಹಂಚಿದಳೆಂದು ಕೇಳಿದೆ.

ಹೀಗೆ ಅರವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಿಂದಿನಕೇರಿಯ ಸರದಿಗೆ ಇಬ್ಬರು ಉಳಿದಿದ್ದರು. ಫಾಲಾಕ್ಷಯ್ಯ ನೂರ ಐವತ್ತು ಬೀಜ ಮುಂದಿದ್ದ. ನಮ್ಮ ಕೇರಿಯಲ್ಲಿ ಇನ್ನೂರ ಹದಿನಾರು ಸಿಕ್ಕರೆ ಮಂದಾಕಿನಿ ಗೆಲ್ಲುತ್ತಿದ್ದಳು. ಸೋತರೆ, ಐದು ವರ್ಷ ನಮ್ಮ ಮನೆಯಲ್ಲಿ ಮಾತಾಡುವುದು ನಾನು ಮತ್ತು ಹಲ್ಲಿ.

ಶುಕ್ರವಾರ ಬೆಳಿಗ್ಗೆ ಫಾಲಾಕ್ಷಯ್ಯ ಒಂದು ಕ್ರೇಟು ಗೋಲಿ ಸೋಡಾ ಹೊರಿಸಿಕೊಂಡು ನಮ್ಮ ಮನೆಗೆ ಬಂದ. ಜಗುಲಿಗೆ ಹತ್ತುತ್ತಿದ್ದಂತೆ ಅವನ ಬಾಯಿ "ಸಾವಧಾನ್!" ಎಂದಿತು. ನಾನು ಎದ್ದು ನಿಂತೆ, ಹಳೆಯ ವಿದ್ಯಾರ್ಥಿ.

"ಕೂತ್ಕೊಳ್ಳಿ ಸ್ವಾಮಿ, ಅದು ನಾನಲ್ಲ, ಏಕಾಂತಪ್ಪ" ಎಂದು ಅವನು ತನ್ನದೇ ದನಿಯಲ್ಲಿ ಕ್ಷಮೆ ಕೇಳಿದ. "ತಂಗೀ, ಮಂದಾಕಿನಿ, ಬಾಮ್ಮ. ಯಾಕೆ ಈ ಹಟ? ಭಾನುವಾರದ ತನಕ ಎಳೆಯೋದೇನು? ಇವತ್ತೇ ಮಾತು ಕೊಟ್ಟುಬಿಡು. ನಿಮ್ಮ ಕೇರಿಗೆ ನಲ್ಲಿ ನಾನು ತರಿಸ್ತೀನಿ."

"ಸರದಿ ತಿರುಗಿಸ್ತೀರಾ ಅಣ್ಣ?"

"ಅದನ್ನೂ ನೋಡೋಣ."

"ಹಂಗಾದ್ರೆ ನೀವೇ ಮೊದ್ಲು ಮಾತು ಕೊಡಿ."

ಸೋಡಾದ ಗೋಲಿ ಕೂಡ ಅಷ್ಟು ಬೇಗ ಬಾಯಿ ಮುಚ್ಚುವುದಿಲ್ಲ. ಕಣದಲ್ಲಿರುವವನು ಆ ಎರಡು ಶಬ್ದ ಆಡಿದರೆ ಅಲ್ಲಿಯೇ ಸೋಲು. ನಮ್ಮ ಊರಿನ ಯಾವ ಅಧ್ಯಕ್ಷನೂ ಈವರೆಗೆ ಯಾರಿಗೂ ಮಾತು ಕೊಟ್ಟವನಲ್ಲ, ಆದ್ದರಿಂದಲೇ ಅಧ್ಯಕ್ಷನಾದ. ಫಾಲಾಕ್ಷಯ್ಯ ಕರವಸ್ತ್ರದಿಂದ ಮುಖ ಒರೆಸಿಕೊಂಡ ಸದ್ದು ಕೇಳಿತು.

"ಜಾಣೆ ನೀನು" ಎಂದ. "ಸೋತ ಮೇಲೆ ಹೆಂಗೂ ನನ್ನ ಹತ್ರನೇ ಬರ್ಬೇಕಲ್ಲ. ಬೇರೆ ಯಾರಿದಾರೆ?"

"ಬರ್ತೀನಿ" ಎಂದಳು ಮಂದಾಕಿನಿ. "ಸೋತ್ರೆ ನಿಮ್ಮ ಹತ್ರಾನೇ ಬರ್ತೀನಿ." ಅದನ್ನು ಅಷ್ಟು ಸಲೀಸಾಗಿ ಹೇಳಿದ್ದು ನನಗೆ ಹಿಡಿಸಲಿಲ್ಲ.

ಭಾನುವಾರ ನಾನು ಪರದೆಯ ಈಚೆ ಸ್ಟೂಲಿನ ಮೇಲೆ ಕೂತಿದ್ದೆ. ಯಾರೂ ಎರಡು ಬೀಜ ಹಾಕದಂತೆ ಕಿವಿಗೊಡುವುದು ನನ್ನ ಕೆಲಸ. ಮತ ಮುಗಿಯುವವರೆಗೆ ಕಿವಿಗುಮಾಸ್ತ ಬಾಯಿ ತೆರೆಯುವಂತಿಲ್ಲ, ತೆರೆದರೆ ಆ ಕೇರಿಯ ಮತವೆಲ್ಲ ರದ್ದು. ಅಭ್ಯರ್ಥಿಗಳು ನೂರು ಮಾರು ದೂರ. ಒಳಗೆ ಎರಡು ಮಡಕೆ. ಮುಂದಿರುವವರ ಮಡಕೆ ಬಾಗಿಲ ಪಕ್ಕ, ಹಿಂದಿರುವವರದು ಆಚೆ, ಇದು ಎಲ್ಲ ಕೇರಿಗೂ ಒಂದೇ ನಿಯಮ. ಬಾಗಿಲ ಪಕ್ಕದ್ದಕ್ಕೆ ಸೋಡಾ ಬಾಟಲಿಯ ಚಿತ್ರ, ಆಚೆಯದಕ್ಕೆ ತೆರೆದ ಪುಸ್ತಕದ ಚಿತ್ರ.

ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಹೆಜ್ಜೆ ಬಾಗಿಲಲ್ಲಿ ಬರುತ್ತಿತ್ತು, ಮೊದಲ ಮಡಕೆ ದಾಟುತ್ತಿತ್ತು, ಆಚೆ ಟಣ್ ಎನ್ನುತ್ತಿತ್ತು. ಎಣಿಸುತ್ತ ಕೂತೆ. ಮಧ್ಯಾಹ್ನದ ಊಟದ ನಂತರ ಮುದುಕರು ಬರತೊಡಗಿದರು. ಮೊದಲನೆಯವನು ಕೆಮ್ಮುತ್ತ ಒಳಗೆ ಬಂದ. ಎರಡು ಹೆಜ್ಜೆ. ಟಣ್. ಕೆಮ್ಮುತ್ತ ಹೊರಗೆ ಹೋದ.

ನನಗೆ ಅರ್ಥವಾಗಲಿಲ್ಲ. ಆ ಮನುಷ್ಯ ನಿನ್ನೆ ನಮ್ಮ ಜಗುಲಿಯಲ್ಲಿ ಕೂತು ಫಾಲಾಕ್ಷಯ್ಯನ ಸೋಡಾದಲ್ಲಿ ಗ್ಯಾಸಿಗಿಂತ ಗಾಳಿಯೇ ಹೆಚ್ಚು ಎಂದು ನಕ್ಕು ಹೋಗಿದ್ದ. ಎರಡನೆಯವಳು ಬಂದಳು. ಎರಡು ಹೆಜ್ಜೆ. ಟಣ್. ಹೊರಗೆ "ಚಹಾ ಎಲ್ಲಪ್ಪ?" ಎಂದು ಕೇಳಿದಳು. ಆಗ ಹೊಳೆಯಿತು. ಅರವತ್ತು ವರ್ಷದಿಂದ ಇವರ ಕೈಗೆ ಗೊತ್ತಿರುವುದು ಬಾಗಿಲ ಪಕ್ಕದ ಮಡಕೆ. ಐದು ವಾರ ನಾವು ಅವರಿಗೆ ಸರದಿಯ ಅನ್ಯಾಯ ತಿಳಿಸಿದೆವು, ನಲ್ಲಿಯ ಲೆಕ್ಕ ತಿಳಿಸಿದೆವು. ಈ ಸಲ ಎರಡು ಮಡಕೆ ಇರುತ್ತವೆ ಎಂದು ತಿಳಿಸಬೇಕೆಂದು ಮಂದಾಕಿನಿಗೂ ಹೊಳೆದಿರಲಿಲ್ಲ, ನನಗೂ ಇಲ್ಲ.

ಎರಡು ಹೆಜ್ಜೆ, ಟಣ್. ಎರಡು ಹೆಜ್ಜೆ, ಟಣ್. ನಾನು ಸ್ಟೂಲಿನ ಅಂಚು ಹಿಡಿದುಕೊಂಡೆ. ಆಮೇಲೆ ನನಗೆ ಚೆನ್ನಾಗಿ ಗೊತ್ತಿರುವ ಕೋಲಿನ ಸದ್ದು ಬಂತು. ನೀಲಗಂಗಮ್ಮ. ಮೂರು ಕೇರಿ ಸುತ್ತಿ ಜನರ ಸಾರಿಗೆ ಶಾಪ ಹಾಕಿ ಬಂದವಳು. ನನ್ನ ಪಕ್ಕ ನಿಂತು ಮೆಲ್ಲಗೆ, "ಹೆದರ್ಬ್ಯಾಡ ಕಣಪ್ಪ, ಗೆದ್ದೇ ಗೆಲ್ತಾಳೆ" ಎಂದಳು. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂಬಂತೆ, ಆಚೆ ಎಂಬಂತೆ, ಏನೆಂಬಂತೆಯೋ. ಅವಳು ನನ್ನ ತಲೆ ಸವರಿ ಒಳಗೆ ಹೋದಳು. ಎರಡು ಹೆಜ್ಜೆ. ನನ್ನ ನಾಲಗೆ ಹಲ್ಲಿಗೆ ಬಂದಿತ್ತು. ಬಾಯಿ ತೆರೆದರೆ ಇನ್ನೂರ ಎಂಬತ್ತೂ ಹೋಗುತ್ತವೆ.

ಟಣ್.

ಬಾಗಿಲ ಪಕ್ಕ.

ಅಂತಹ ಬೀಜ ಮೂವತ್ನಾಲ್ಕು ಬಿದ್ದವು. ಶೇಷಗಿರಿ ಎಣಿಸುವ ಮೊದಲೇ ನನಗೆ ಗೊತ್ತಿತ್ತು. ಮಂದಾಕಿನಿಗೆ ಇನ್ನೂರ ಒಂಬತ್ತು, ಫಾಲಾಕ್ಷಯ್ಯನಿಗೆ ಎಪ್ಪತ್ತೊಂದು. ಒಟ್ಟು ಲೆಕ್ಕದಲ್ಲಿ ಅವಳು ಹನ್ನೆರಡು ಬೀಜದಿಂದ ಸೋತಳು.

ಎರಡು ಮಡಕೆಯ ವಿಷಯ ತಿಳಿದಾಗ ನೀಲಗಂಗಮ್ಮ ನಮ್ಮ ಅಂಗಳದಲ್ಲಿ ಕೂತು ಕೋಲಿನಿಂದ ತನ್ನ ಕೈಗೇ ಹೊಡೆದುಕೊಂಡಳು. "ಈ ಹಾಳು ಕೈ! ಈ ಹಾಳು ಕೈ!" ಮಂದಾಕಿನಿ ಕೋಲು ಕಸಿದುಕೊಂಡು ಅವಳಿಗೆ ನೀರು ಕೊಟ್ಟಳು. ಕೇರಿಯವರೆಲ್ಲ ಸೇರಿದ್ದರು. "ಆ ಸೋಡಾದವನಿಗೆ ಮಾತ್ರ ಕೊಡ್ಬೇಡ ತಾಯಿ. ಹೋಗೋದಾದ್ರೆ ಗಾಳಿಗೆ ಹೋಗ್ಲಿ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ನನ್ನ ಹೆಂಡತಿಯ ದನಿ ಐದು ವರ್ಷ ಫಾಲಾಕ್ಷಯ್ಯನ ಗಂಟಲಲ್ಲಿ ಏಲಕ್ಕಿ ತೇಗಿನ ಜೊತೆ ಇರುವುದನ್ನು ಯಾವ ಗಂಡ ಒಪ್ಪುತ್ತಾನೆ?

ದೀಪ ಹಚ್ಚಲು ಇನ್ನೂ ಒಂದು ಗಂಟೆ ಇತ್ತು. ಮಂದಾಕಿನಿ ಎಲ್ಲರನ್ನೂ ಕಳಿಸಿ ಪುಸ್ತಕ ತಂದಳು. "ಕೇಳ್ರೀ" ಎಂದಳು.

"ಏನು ಕೇಳಲಿ? ಮೊದಲು ಯಾವ ಕೇರಿ?"

"ಮೊದಲು ಹಿಂದಿನಕೇರಿ." ಮತ್ತೆ ಕೇಳಿಸಿದಳು. ಇಪ್ಪತ್ತು ಸಲ, ಮೂವತ್ತು ಸಲ. ಸೋತ ಮೇಲೂ ಈ ಹುಚ್ಚು ಬಿಡಲಿಲ್ಲವಲ್ಲ ಎಂದು ನನಗೆ ಸಿಟ್ಟು, ಅಳು ಎರಡೂ ಬಂತು. ಆಮೇಲೆ ಓದಿದಳು. ಕಥೆಯಲ್ಲಿ ವಕೀಲನ ಅಕ್ಕ ಅಟ್ಟ ಹತ್ತಿದಳು, ಪೆಟ್ಟಿಗೆ ಎಳೆದಳು, ಬೀಗದ ಮೇಲೆ ಕೈ ಇಟ್ಟಳು. ಅಲ್ಲಿಗೆ ಪುಸ್ತಕ ಮುಚ್ಚಿದ ಸದ್ದು. "ಇನ್ನೂರ ಹನ್ನೆರಡನೇ ಪುಟ. ನೆನಪಿಟ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿ ಹೊರಟಳು. ನಾನೂ ಹೋಗಲೇಬೇಕಿತ್ತು, ಕೆಲಸ.

ಫಾಲಾಕ್ಷಯ್ಯನ ಅಂಗಳದಲ್ಲಿ ಅವನ ಎದುರು ನಿಂತು ಅವಳು "ಮಾತು ಕೊಟ್ಟೆ" ಎಂದಳು. ಅವಳೊಳಗಿದ್ದ ಕಂಡಕ್ಟರನೂ ಉಳಿದವರೂ ಜೊತೆಗೇ ಹೋದರು. ದಫ್ತರಕ್ಕೆ ಬರೆಸಲು ನಾನು ಫಾಲಾಕ್ಷಯ್ಯನನ್ನು ಮಾತಾಡಿಸಿ ಪರೀಕ್ಷಿಸಬೇಕಿತ್ತು. "ಹೆಸರು ಹೇಳಿ" ಎಂದೆ. ಅವನು ತನ್ನ ಹೆಸರನ್ನು ನನ್ನ ಹೆಂಡತಿಯ ದನಿಯಲ್ಲಿ ಹೇಳಿದ. ಹತ್ತನೆಯ ದನಿ, ಮಂದಾಕಿನಿಯದು, ಸರಿಯಾಗಿದೆ ಎಂದು ಬರೆಸಿ, ಎಲ್ಲ ದನಿಗೂ ಹಾಕಿಸುವಂತೆ ಅದಕ್ಕೂ ಅವನ ರುಜು ಹಾಕಿಸಿದೆ. ದಾರಿಯುದ್ದಕ್ಕೂ ಅವಳು ನನ್ನ ಮೊಳಕೈ ಹಿಡಿದು ನಡೆಸಿದಳು. ತಿರುವು ಬಂದಾಗ ಎಂದಿನಂತೆ "ಕಲ್ಲಿದೆ" ಎನ್ನಲಿಲ್ಲ. ಎಡವಿದೆ.

ಎಂಟು ದಿನಕ್ಕೆ ಪೀಠಾರೋಹಣ. ಏಳು ಕೇರಿಯೂ ಸೇರಿತ್ತು. ಫಾಲಾಕ್ಷಯ್ಯ ವೇದಿಕೆ ಹತ್ತಿ "ಸಾವಧಾನ್" ಎಂದ, ಜನ ನೆಟ್ಟಗಾದರು. "ವಿಶ್ರಾಮ್" ಎಂದ, ಸಡಿಲಾದರು. ಅವನು ಪೀಠದಲ್ಲಿ ಕೂತ ಕೂಡಲೇ ಶೇಷಗಿರಿ ಕಾಗದ ಬಿಚ್ಚಿ, ತೂಕಡಿಕೆಯ ದನಿಯಲ್ಲಿ, ಯಾವಾಗಲೂ ಕೇಳುವುದನ್ನು ಕೇಳಿದ: "ಮುಂದಿನ ಸಲ, ಮೊದಲು ಯಾವ ಕೇರಿ?"

ಫಾಲಾಕ್ಷಯ್ಯ "ಹು" ಎಂದ. ಅಷ್ಟರಲ್ಲಿ ಅವನ ಗಂಟಲಿನ ತಳದಿಂದ, ಸ್ಪಷ್ಟವಾಗಿ, ಕೊನೆಯ ಸಾಲಿನವರಿಗೂ ಕೇಳುವಂತೆ, ಬಂತು:

"ಮೊದಲು ಹಿಂದಿನಕೇರಿ!"

ಐದು ವಾರ, ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ನನ್ನ ದಫ್ತರವನ್ನು ನನಗೆ ಓದಿ ಹೇಳುತ್ತಿದ್ದವಳು ಅವಳೇ ಅಲ್ಲವೇ? ಆ ಕಂಡಕ್ಟರನ "ರೈಟ್ ರೈಟ್" ಕೇಳಿ ನಕ್ಕು ತಟ್ಟನೆ ಸುಮ್ಮನಾದ ಗಳಿಗೆ ನನಗೆ ಈಗ ಅರ್ಥವಾಯಿತು. ಗೆದ್ದರೂ ಅದೇ ಉತ್ತರ, ಸೋತರೂ ಅದೇ ಉತ್ತರ ಬರುವ ಹಾಗೆ ಅವಳು ದನಿಯನ್ನು ಪಳಗಿಸಿಟ್ಟಿದ್ದಳು.

"ಅದು ನಾನಲ್ಲ!" ಫಾಲಾಕ್ಷಯ್ಯ ಎದ್ದು ನಿಂತು ಕೂಗಿದ. "ಅದು ಅವಳು! ಕೇಳಿದ್ರಲ್ಲ ಎಲ್ಲರೂ, ಹೆಂಗಸಿನ ದನಿ! ಇದು ನಡೆಯಲ್ಲ. ಶೇಷಗಿರಿ, ಇನ್ನೊಮ್ಮೆ ಕೇಳು."

"ಮೊದಲು ಯಾವ ಕೇರಿ?" ಶೇಷಗಿರಿ ಕೇಳಿದ.

"ಮೊದಲು ಹಿಂದಿನಕೇರಿ!"

ಹುಣಸೆಕೇರಿಯವರು ಎದ್ದು ನಿಂತು ಗಲಾಟೆ ಮಾಡಿದರು. ನಮ್ಮವರೂ ಎದ್ದರು. ನೀಲಗಂಗಮ್ಮನ ಕೋಲು ಯಾರದೋ ಬೆನ್ನಿಗೆ ಬಿದ್ದ ಸದ್ದು ಗುರುತಿಸಿದೆ. ಶೇಷಗಿರಿ ಬೆವರುತ್ತ ನನ್ನತ್ತ ಬಂದ. "ನೀವೇ ಹೇಳ್ಬೇಕು ಸ್ವಾಮಿ. ಇದು ಯಾರ ದನಿ?"

ನಾನು ಎದ್ದೆ. ಗಂಡನೆಂದು ನನ್ನನ್ನು ಯಾರೂ ನಂಬುವುದಿಲ್ಲ ಎಂದು ಗೊತ್ತಿತ್ತು. ದಫ್ತರವನ್ನು ಮಾತ್ರ ನಂಬುತ್ತಾರೆ. "ದಫ್ತರದಲ್ಲಿ, ತಮ್ಮಲ್ಲಿ ಏಕಾಂತಪ್ಪನ ದನಿ ಇದೆ, ಇವರ ದನಿ ಇದೆ, ಅವರ ದನಿ ಇದೆ, ಎಲ್ಲವೂ ತಮ್ಮವೇ ಎಂದು ಅಧ್ಯಕ್ಷರು ರುಜು ಹಾಕಿದ್ದಾರೆ" ಎಂದೆ. "ಹತ್ತನೆಯದಕ್ಕೂ ಹಾಕಿದ್ದಾರೆ. ಒಂಬತ್ತು ತಮ್ಮವು, ಹತ್ತನೆಯದು ಮಾತ್ರ ಪರರದು ಎನ್ನುವುದಾದರೆ ಹತ್ತನ್ನೂ ಈಗಲೇ ಹಿಂದೆ ಕೊಟ್ಟು ಇಳಿಯಬಹುದು."

ಪೀಠ ಕಿರುಗುಟ್ಟಿತು. ಫಾಲಾಕ್ಷಯ್ಯ ಮತ್ತೆ ಕೂತ. ಶೇಷಗಿರಿಯ ಲೇಖನಿ ಓಡಿತು.

ಮಾತಾಡಿ ನನ್ನ ಗಂಟಲು ಒಣಗಿತ್ತು. ಕುರ್ಚಿಯಲ್ಲಿ ಕೂತು, ರೂಢಿಯಂತೆ, ಒಮ್ಮೆ ಗಂಟಲು ಸರಿಮಾಡಿಕೊಂಡೆ.

"ಎಲ್ಲಿಗೆ ನಿಲ್ಸಿದ್ವಿ ರೀ?" ಎಂದರು ಅಧ್ಯಕ್ಷರು.

ಏಳು ಕೇರಿಯ ಜನ ನನ್ನ ಕಡೆ ತಿರುಗಿದ್ದು ನನಗೆ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಮಂದಾಕಿನಿ ನನ್ನ ಮೊಳಕೈ ಗಟ್ಟಿಯಾಗಿ ಹಿಡಿದಳು.

"ಇನ್ನೂರ ಹನ್ನೆರಡನೇ ಪುಟ" ಎಂದೆ. "ಅಕ್ಕ ಬೀಗದ ಮೇಲೆ ಕೈ ಇಟ್ಟಿದ್ದಾಳೆ."